ಹಿಂದಿನ ಕೋಣೆಯ ಫ್ಯಾನು

ಮೂವತ್ತೊಂದು ವರ್ಷ ಮೋಟಾರು ಕಾರ್ಖಾನೆಯಲ್ಲಿ ಕೂತು ತಾಮ್ರದ ತಂತಿ ಸುತ್ತಿದ ಹೆಂಗಸು ಅವಳು. ನಿವೃತ್ತಿಯಾಗಿ ಒಂಬತ್ತು ವರ್ಷ ಕಳೆದರೂ ಬೀದಿಯವರ ಬಾಯಲ್ಲಿ ಇನ್ನೂ ವೈಂಡಿಂಗಮ್ಮನೇ. ಎರಡನೆಯ ಮಹಡಿಯ ಮನೆಯಲ್ಲಿ ಮಗ, ಸೊಸೆ, ಒಂಬತ್ತನೆಯ ತರಗತಿಯ ಮೊಮ್ಮಗಳು, ತಾನು. ಮಗ ದಿನಸಿ ಗೋದಾಮೊಂದರಲ್ಲಿ ಮೇಲ್ವಿಚಾರಕ. ಸೊಸೆ ಮಕ್ಕಳ ಆಸ್ಪತ್ರೆಯಲ್ಲಿ ನರ್ಸು, ವಾರಕ್ಕೆ ಐದು ರಾತ್ರಿ ಪಾಳಿ.

ಬೆಳಿಗ್ಗೆ ಎಂಟೂವರೆಗೆ ಸೊಸೆ ಮನೆಗೆ ಬರುವಳು. ಸ್ನಾನ ಮಾಡಿ, ಎರಡು ತುಂಡು ಬ್ರೆಡ್ಡು, ಒಂದು ಮೊಟ್ಟೆ ತಿಂದು, ಒಂಬತ್ತೂವರೆಗೆ ಹಿಂದಿನ ಕೋಣೆ ಸೇರುವಳು. ಮಧ್ಯಾಹ್ನದ ಬಿಸಿಲು ನೇರ ಬಡಿಯುವ ಕೋಣೆ ಅದು. ಮನೆಗಿದ್ದ ಒಂದೇ ಎಸಿಯನ್ನು ಅದಕ್ಕೇ ಅಲ್ಲಿ ಹಾಕಿದ್ದರು. ಸಂಜೆ ನಾಲ್ಕರವರೆಗೆ ಅವಳ ನಿದ್ದೆಗೆ ವೈಂಡಿಂಗಮ್ಮನೇ ಕಾವಲು. ಕರೆಗಂಟೆಯ ತಂತಿಯನ್ನು ತಾನೇ ಕಿತ್ತುಹಾಕಿದ್ದಳು. ಮೊಮ್ಮಗಳು ಜೋರಾಗಿ ಓದತೊಡಗಿದರೆ, "ತುಟಿ ಅಲ್ಲಾಡಿಸು ಸಾಕು, ಪಾಠ ನಿನಗೆ ಕೇಳಿಸಿದ್ರಾಯ್ತು" ಎನ್ನುವಳು.

ಬೇಸಿಗೆ ನೆತ್ತಿಗೇರಿದ್ದ ಒಂದು ದಿನ ಹನ್ನೆರಡಕ್ಕೂ ಮೊದಲೇ ಸೊಸೆ ಬೆವರಲ್ಲಿ ತೊಯ್ದು ಹೊರಗೆ ಬಂದಳು.

"ಅತ್ತೆ, ಎಸಿ ಬಿಸಿಗಾಳಿ ಬಿಡ್ತಿದೆ."

ವೈಂಡಿಂಗಮ್ಮ ಹೋಗಿ ಕೈಯೊಡ್ಡಿದಳು. ಗೋಡೆಯ ಮೇಲಿನ ಪೆಟ್ಟಿಗೆಯಿಂದ ಗಾಳಿಯೇನೋ ಬರುತ್ತಿತ್ತು, ತಂಪಿರಲಿಲ್ಲ. ಬಾಲ್ಕನಿಗೆ ಹೋಗಿ ನೋಡಿದಳು. ಹೊರಗಿನ ದೊಡ್ಡ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು, ಜಾಲರಿಯ ಹಿಂದಿನ ಫ್ಯಾನು ಮಾತ್ರ ಕದಲದೆ ನಿಂತಿತ್ತು. ತುಸು ಹೊತ್ತಿಗೆ ಆ ಸದ್ದೂ ಟಕ್ ಎಂದು ಅಡಗಿತು.

"ಹೊರಗಿನ ಫ್ಯಾನು ತಿರುಗ್ತಿಲ್ಲ ಕಣೇ. ಕೋಣೆ ಬಿಸಿನ ಆಚೆಗೆ ದಬ್ಬೋದೇ ಅದು. ಸ್ವಿಚ್ ಆರಿಸು, ಇಲ್ಲಾಂದ್ರೆ ಕಂಪ್ರೆಸರ್ ಸುಟ್ಟುಹೋಗುತ್ತೆ."

"ನೀವೇ ಒಂದು ಸಲ ಬಿಚ್ಚಿ ನೋಡ್ತೀರಾ?"

"ನೋಡ್ಬಹುದು. ಹೋದ ವರ್ಷ ಮಿಕ್ಸಿ ಬಿಚ್ಚಿದ್ದಕ್ಕೆ ನಿನ್ನ ಗಂಡ ಮೂರು ದಿನ ಮುಖ ಊದಿಸ್ಕೊಂಡಿದ್ದ. ವಯಸ್ಸಾದವರು ಕರೆಂಟಿನ ತಂಟೆಗೆ ಹೋಗ್ಬಾರದಂತೆ. ಅವನೇ ಯಾರನ್ನಾದ್ರೂ ಕರೆಸಲಿ."

ಸಂಜೆ ಮಗ ಎಲ್ಲರ ಮುಂದೆಯೇ ಫೋನು ಮಾಡಿದ. ಮೆಕ್ಯಾನಿಕ್ಕು ನಾಳೆ ಬರುತ್ತಾನೆಂದ.

ಆ ನಾಳೆ ಬರಲೇ ಇಲ್ಲ. ಮೊದಲು ಮೆಕ್ಯಾನಿಕ್ಕಿಗೆ ಜ್ವರ. ಆಮೇಲೆ ಅವನ ಸ್ಕೂಟರು ಕೆಟ್ಟಿತು. ಎರಡನೆಯ ವಾರ ಬಿಡಿಭಾಗ ಸಿಗುತ್ತಿಲ್ಲವೆಂಬ ಸುದ್ದಿ ಬಂತು. ನೋಡದೆಯೇ ಯಾವ ಭಾಗ ಹೋಗಿದೆಯೆಂದು ಅವನಿಗೆ ಹೇಗೆ ತಿಳಿಯಿತೆಂದು ವೈಂಡಿಂಗಮ್ಮ ಕೇಳಿದರೆ, ಮಗ, "ಅವನಿಗೆ ದಿನಾ ಇದೇ ಕೆಲಸ ಅಮ್ಮ" ಎಂದು ಟಿವಿ ಹಾಕಿದ.

"ಅಪ್ಪನ ಮೆಕ್ಯಾನಿಕ್ಕು ಫೋನಲ್ಲೇ ವಾಸ ಮಾಡ್ತಾನೆ ಅಜ್ಜಿ," ಎಂದಳು ಮೊಮ್ಮಗಳು.

ಸೊಸೆ ಮನೆಯಿಡೀ ದಿಂಬು ಹೊತ್ತು ತಿರುಗಿದಳು. ಒಂದು ದಿನ ಹಾಲಿನ ನೆಲ, ಇನ್ನೊಂದು ದಿನ ಅತ್ತೆಯ ಮಂಚ, ಮತ್ತೊಂದು ದಿನ ಒದ್ದೆ ಚಾದರ ಹಾಸಿಕೊಂಡು ಅಡುಗೆಮನೆ. ಎಲ್ಲಿ ಮಲಗಿದರೂ ಒಂದೂವರೆ ತಾಸಿಗೆ ಬಿಸಿಲು ಅವಳನ್ನು ಎಬ್ಬಿಸುತ್ತಿತ್ತು. ಕಣ್ಣ ಸುತ್ತ ಕಪ್ಪು ಇಳಿಯಿತು. ಒಂದು ಸಂಜೆ ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿದಳು. ಮೊಮ್ಮಗಳು ನಕ್ಕಳು, ಸೊಸೆ ನಗಲಿಲ್ಲ, ಲೋಟ ಹಿಡಿದು ಹಾಗೇ ನಿಂತಳು.

ಆ ದಿನವೇ ಊಟಕ್ಕೆ ಕೂತಾಗ ಮಾತು ಎದ್ದಿತು. ಸೊಸೆ ಡ್ಯೂಟಿಗೆ ಹೊರಡಬೇಕಾದ್ದರಿಂದ ಆ ಮನೆಯಲ್ಲಿ ಸಂಜೆ ಆರಕ್ಕೇ ಊಟ.

"ಹಗಲು ಪಾಳಿ ಕೇಳು ಅಂತ ಎಷ್ಟು ಸಲ ಹೇಳಿದೀನಿ," ಎಂದ ಮಗ.

"ಹನ್ನೊಂದು ವರ್ಷ ಆದ್ಮೇಲೆ ರಾತ್ರಿ ವಾರ್ಡಿಗೆ ಇನ್‌ಚಾರ್ಜ್ ಮಾಡಿದ್ದಾರೆ. ಹಗಲಿಗೆ ಬಂದ್ರೆ ಮತ್ತೆ ಇನ್ನೊಬ್ರ ಕೈಕೆಳಗೆ."

"ಆದ್ರೇನು? ನಾನು ಮನೆಗೆ ಬರೋ ಹೊತ್ತಿಗೆ ನೀನು ಚಪ್ಪಲಿ ಹುಡುಕ್ತಿರ್ತೀಯ. ಗೋದಾಮಲ್ಲಿ ನನಗೆ ಏನಂತಾರೆ ಗೊತ್ತಾ? ನಿನ್ನ ಹೆಂಡ್ತಿ ಗೂಬೆನಾ ಅಂತ."

"ಗೂಬೆಗೆ ಹಗಲು ನಿದ್ದೆಯಾದ್ರೂ ಸಿಗುತ್ತೆ," ಎಂದು ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು.

ಮೂರನೆಯ ವಾರದ ಗುರುವಾರ ಅವಳು ಆಸ್ಪತ್ರೆಯಿಂದ ಬಂದವಳು ಸ್ನಾನಕ್ಕೂ ಹೋಗದೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದಳು. ವೈಂಡಿಂಗಮ್ಮ ಹಾಲು ಕಾಯಿಸುತ್ತಿದ್ದವಳು ಒಲೆ ಆರಿಸಿದಳು.

"ಏನಾಯ್ತು?"

"ಔಷಧಿ ಸಿರಿಂಜಿಗೆ ಎಳ್ಕೊಂಡಿದ್ದೆ ಅತ್ತೆ. ಪಕ್ಕದ ಜೂನಿಯರ್ ಹುಡುಗಿ, ‘ಸಿಸ್ಟರ್, ಚುಕ್ಕಿ ನೋಡಿ’ ಅಂದ್ಲು. ಲೆಕ್ಕದಲ್ಲಿ ದಶಮಾಂಶದ ಚುಕ್ಕಿ ತಪ್ಪಿತ್ತು. ಹತ್ತು ಪಾಲು ಹೋಗ್ತಿತ್ತು. ಆ ಮಗು ಎರಡು ಕೆಜಿನೂ ಇಲ್ಲ."

"ಕೊಡ್ಲಿಲ್ಲ ತಾನೇ?"

"ಕೊಡ್ಲಿಲ್ಲ. ಅವಳು ನೋಡಿದ್ಲು ಅಂತ ಕೊಡ್ಲಿಲ್ಲ." ಸೊಸೆ ತನ್ನ ಅಂಗೈಯನ್ನೇ ನೋಡುತ್ತಿದ್ದಳು. "ಬೆಳಿಗ್ಗೆ ಮೇಟ್ರನ್‌ಗೆ ಎಲ್ಲ ಹೇಳಿ, ಕಾಗದ ಬರೆದುಕೊಟ್ಟು ಬಂದೆ. ಮುಂದಿನ ತಿಂಗಳಿಂದ ರಾತ್ರಿ ಬೇಡ ಅಂತ. ಯಾಕೆ ಅಂತ ಕೇಳಿದ್ರು. ಮನೇಲಿ ಎಸಿ ರಿಪೇರಿ ಆಗ್ತಿಲ್ಲ, ಹಗಲು ನಿದ್ದೆ ಇಲ್ಲ ಅಂತ ಅದನ್ನೇ ಬರೆದೆ. ನಗು ಬರುತ್ತೆ ಅಲ್ವಾ?"

ವೈಂಡಿಂಗಮ್ಮನಿಗೆ ನಗು ಬರಲಿಲ್ಲ. ಸಂಜೆ ಮಗನಿಗೆ ವಿಷಯ ತಿಳಿದಾಗ ಅವನು ಹೆಂಡತಿಯ ತಟ್ಟೆಗೆ ತಾನೇ ಅನ್ನ ಬಡಿಸಿದ. "ಒಳ್ಳೇದೇ ಆಯ್ತು ಬಿಡು, ಆರೋಗ್ಯ ಮುಖ್ಯ," ಎಂದ. ಬಹಳ ದಿನಗಳ ಮೇಲೆ ಅವನ ಮುಖ ಹಗುರಾಗಿತ್ತು. ಆ ಹಗುರ ತಾಯಿಯ ಕಣ್ಣಿಗೆ ಕಸದಂತೆ ಬಿತ್ತು.

ಶನಿವಾರ ಹತ್ತು ಗಂಟೆಗೆ ಅವಳು ಮುಖ್ಯರಸ್ತೆಯ ಮೆಕ್ಯಾನಿಕ್ಕನ ಅಂಗಡಿಗೆ ನಡೆದುಕೊಂಡು ಹೋದಳು. ಅವನು ಬಾಗಿಲಲ್ಲೇ ಕೂತು ಎಸಿಯ ಜಾಲರಿಗೆ ಬ್ರಷ್ ಹಾಕುತ್ತಿದ್ದ. ಜ್ವರ ಬಂದು ಹೋದವನ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ಸ್ಕೂಟರೂ ನೆಟ್ಟಗೇ ನಿಂತಿತ್ತು.

"ನಮ್ಮನೆಗೆ ಯಾವಾಗಪ್ಪಾ ಬರೋದು? ಮೂರು ವಾರ ಆಯ್ತು."

ಅವನು ಬ್ರಷ್ ಕೆಳಗಿಟ್ಟ. "ಅಮ್ಮಾ, ನಾನು ಎರಡು ಸಲ ಹೊರಟಿದ್ದೆ. ನಿಮ್ಮ ಮಗನೇ ಫೋನ್ ಮಾಡಿ ಬೇಡ ಅಂದ್ರು. ಈ ತಿಂಗಳು ಕಳೀಲಿ, ಆಮೇಲೆ ಹೇಳ್ತೀನಿ ಅಂದ್ರು."

ವೈಂಡಿಂಗಮ್ಮ ಅವನ ಸ್ಕೂಟರಿನತ್ತ ಕೈ ತೋರಿದಳು.

"ಈಗ ನಾನು ಕರೀತಿದೀನಿ. ಬಾ."

"ಅವರು ಬೇಡ ಅಂದಿದ್ದಾರೆ, ನೀವು ಬಾ ಅಂತೀರಿ. ನಿಮ್ಮನೆ ಜಗಳದ ಮಧ್ಯೆ ನನ್ನ ಕೂರಿಸ್ಬೇಡಿ ಅಮ್ಮಾ."

"ಸರಿ, ಬರಬೇಡ. ನಿನ್ನ ಮೀಟರ್ ಕೊಡು, ಸಂಜೆ ವಾಪಸ್ ಕೊಡ್ತೀನಿ."

"ನಿಮಗೆ ಮೀಟರ್ ನೋಡೋಕೆ ಬರುತ್ತಾ?"

"ನೀನು ಹುಟ್ಟೋಕೆ ಮುಂಚೆ ನೋಡ್ತಿದ್ದೆ."

ಮನೆಗೆ ಬಂದು ಮೊದಲು ಮೇನ್ ಸ್ವಿಚ್ ಇಳಿಸಿದಳು. ಹಾಲಿನ ನೆಲದಲ್ಲಿ ಎಚ್ಚರವಾಗಿಯೇ ಬಿದ್ದಿದ್ದ ಸೊಸೆ, ಟೇಬಲ್ ಫ್ಯಾನು ನಿಂತದ್ದೇ ಎದ್ದು ಕೂತಳು.

"ಕರೆಂಟ್ ಹೋಯ್ತಾ?"

"ನಾನೇ ತೆಗೆದೆ. ಬಾ, ಹೇಗೂ ನಿದ್ದೆ ಇಲ್ಲ, ಜಾಲರಿ ಹಿಡ್ಕೊ."

ಯಾಕೆ, ಏನು ಎಂದು ಸೊಸೆ ಕೇಳಲಿಲ್ಲ. ಬಾಲ್ಕನಿಯ ಕಟಕಟೆ ಸುಡುತ್ತಿತ್ತು. ವೈಂಡಿಂಗಮ್ಮ ಸ್ಟೂಲು ಎಳೆದುಕೊಂಡು ಕೂತು ಸ್ಕ್ರೂ ಒಂದೊಂದಾಗಿ ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡಳು. ಕೆಪಾಸಿಟರಿನಲ್ಲಿ ಉಳಿದಿರುವ ಕರೆಂಟು ಹೋಗಲೆಂದು ರಬ್ಬರ್ ಹಿಡಿಯ ಸ್ಕ್ರೂಡ್ರೈವರನ್ನು ಅದರ ಎರಡು ತುದಿಗೂ ತಾಗಿಸಿದಳು, ಕಿಡಿ ಹಾರಲಿಲ್ಲ. ಫ್ಯಾನನ್ನು ಬೆರಳಲ್ಲಿ ತಳ್ಳಿದಳು, ಸಲೀಸಾಗಿ ತಿರುಗಿತು. ಮೋಟಾರಿಗೆ ಮೂಗು ಹಚ್ಚಿ ಉದ್ದಕ್ಕೆ ಉಸಿರೆಳೆದಳು.

"ಏನು ಮೂಸ್ತಿದೀರಿ ಅತ್ತೆ?"

"ಒಳಗಿನ ತಂತಿ ಸುಟ್ಟಿದ್ರೆ ವಾರ್ನಿಷ್ ಸೀದ ವಾಸನೆ ಬರುತ್ತೆ. ಆ ವಾಸನೆ ನನಗೆ ಸತ್ತರೂ ಮರೆಯಲ್ಲ. ಇದರಲ್ಲಿಲ್ಲ. ಬರೀ ಧೂಳು." ಮೀಟರಿನ ಕಡ್ಡಿಗಳನ್ನು ತಂತಿಗಳಿಗೆ ಹಿಡಿದಳು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. "ತಂತಿ ಚೆನ್ನಾಗಿದೆ. ಇಲ್ನೋಡು, ಕೆಪಾಸಿಟರ್ ತಲೆ ಊದಿಕೊಂಡಿದೆ. ಫ್ಯಾನಿಗೆ ಮೊದಲ ದೂಕು ಕೊಡೋದು ಇದು. ಇದು ಸತ್ತಿದೆ."

ಅದರ ಮೇಲಿನ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಸೊಸೆಯೇ ಎಲೆಕ್ಟ್ರಿಕಲ್ ಅಂಗಡಿಗೆ ಓಡಿದಳು. ಒಂದು ಗಂಟೆಯೊಳಗೆ ಫ್ಯಾನು ತಿರುಗತೊಡಗಿತು. ಸೊಸೆ ಕೋಣೆಗೆ ಹೋದವಳು ಸಂಜೆ ಐದೂವರೆಯಾದರೂ ಏಳಲಿಲ್ಲ.

ಮಗ ಬಂದವನು ಹಿಂದಿನ ಕೋಣೆಯ ಮುಚ್ಚಿದ ಬಾಗಿಲು ನೋಡಿ ನಿಂತ.

"ಯಾರು ಬಂದಿದ್ರು?"

"ಯಾರೂ ಬರ್ಲಿಲ್ಲ. ನಾನೇ ಮಾಡ್ದೆ," ಎಂದಳು ತಾಯಿ. ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಲ್ಲಲಿಲ್ಲ. "ಮೊದಲು ಮೆಕ್ಯಾನಿಕ್ಕನ ಅಂಗಡಿಗೆ ಹೋಗಿದ್ದೆ. ಜ್ವರ ವಾಸಿಯಾಗಿದೆ ಅವನಿಗೆ."

ಮಗ ಮುಚ್ಚಿದ ಬಾಗಿಲಿನತ್ತ ತಿರುಗಿ ದನಿ ತಗ್ಗಿಸಿದ. "ಅಮ್ಮ, ಮೆಲ್ಲಗೆ. ಅವಳಿಗೆ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಉಪ್ಪು ತಿಂದವನು ನೀನು, ನೀರು ನೀನೇ ಕುಡೀಬೇಕು."

"ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ."

ಭಾನುವಾರ ಅವನಿಗೆ ಸಮಯ ಸಿಗಲಿಲ್ಲ. ಸೋಮವಾರ ಮಧ್ಯಾಹ್ನ ಫ್ಯಾನು ಮತ್ತೆ ನಿಂತಿತು.

ವೈಂಡಿಂಗಮ್ಮ ಮೇನ್ ಇಳಿಸಿ ಮೋಟಾರು ಮುಟ್ಟಿದರೆ ಕೈ ಸುಟ್ಟಿತು. ಫ್ಯಾನನ್ನು ತಳ್ಳಿದಳು. ಮೊನ್ನೆ ಸಲೀಸಾಗಿ ತಿರುಗಿದ್ದು ಇವತ್ತು ಗಟ್ಟಿಯಾಗಿ ಬಿಗಿದಿತ್ತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬೇರಿಂಗ್ ಒಣಗಿದೆ, ತಣ್ಣಗಿದ್ದಾಗ ತಿರುಗಿ ಬಿಸಿಯಾದಾಗ ಹಿಡಿಯುತ್ತದೆ. ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳೇ ಹೇಳಿಕೊಡುತ್ತಿದ್ದ ಪಾಠ ಇದು. ಊದಿದ ಕೆಪಾಸಿಟರ್ ಕಂಡ ಖುಷಿಯಲ್ಲಿ ಮುಂದೆ ನೋಡುವುದನ್ನೇ ಬಿಟ್ಟಿದ್ದಳು.

ಮಗನಿಗೆ ಫೋನಿನಲ್ಲೇ ಸುದ್ದಿ ಹೋಯಿತು. "ನೋಡಿದ್ಯಾ?" ಎಂದ. ದನಿಯಲ್ಲಿ ಬಲ ಮರಳಿತ್ತು. "ನಿನ್ನ ಕಾಲದ ಮೋಟಾರು ಬೇರೆ, ಈಗಿನದು ಬೇರೆ. ಇನ್ಮೇಲೆ ಕೈ ಹಾಕ್ಬೇಡ. ಮುಂದಿನ ವರ್ಷ ಹೊಸದೇ ನೋಡೋಣ. ಹೇಗೂ ಅವಳು ಕಾಗದ ಕೊಟ್ಟಾಗಿದೆಯಲ್ಲ."

ವೈಂಡಿಂಗಮ್ಮ ಫೋನು ಇಟ್ಟಳು. ಮೋಟಾರು ಆರುವವರೆಗೆ ಕಾದಳು. ತಂತಿಗಳ ಬಣ್ಣ ಬರೆದಿಟ್ಟುಕೊಂಡು ನಾಲ್ಕು ಬೋಲ್ಟು ಬಿಚ್ಚಿದಳು. ಸೊಸೆ ಕೈಜೋಡಿಸಿದಳು. ಇಬ್ಬರೂ ಅದನ್ನು ತರಕಾರಿ ಚೀಲಕ್ಕೆ ಇಳಿಸಿದರು.

"ನಾನೂ ಬರ್ತೀನಿ ಅತ್ತೆ."

"ನೀನು ನನ್ನ ಮಂಚದಲ್ಲಿ ಕಣ್ಣಾದ್ರೂ ಮುಚ್ಕೊ. ರಾತ್ರಿ ನಿನ್ನ ಕೈಗೆ ಮತ್ತೆ ಸಿರಿಂಜ್ ಬರುತ್ತೆ."

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೂರು ನಿಲ್ದಾಣ ಹೋದಳು. ಅಲ್ಲಿ ಹಳೆಯ ಗೆಳತಿ ಜಡೆಯಕ್ಕನ ಮೋಟಾರು ದುರಸ್ತಿ ಅಂಗಡಿಯಿತ್ತು. ಈಗ ಕೂದಲು ಕತ್ತರಿಸಿ ಗಂಡಸಿನ ಹಾಗೆ ಬಿಟ್ಟಿದ್ದರೂ ಹೆಸರು ಜಡೆಯಕ್ಕನೇ. ಅವಳು ಮೋಟಾರು ಬಿಚ್ಚಿ, ಹಳೆಯ ಬೇರಿಂಗನ್ನು ಕಿವಿಯ ಹತ್ತಿರ ತಿರುಗಿಸಿದಳು.

"ಮರಳು ಅಗಿದ ಹಾಗೆ ಸದ್ದು ಬರ್ತಿದೆ. ಇದು ನಿನಗೆ ಮೊದಲೇ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲ. ಉಗೀಬೇಕು ಅಂದ್ರೆ ಉಗಿ."

"ಉಗಿಯಲ್ಲ. ನೆನಪಿಟ್ಕೊಳ್ತೀನಿ," ಎಂದು ಜಡೆಯಕ್ಕ ಎರಡೂ ಕಡೆ ಹೊಸ ಬೇರಿಂಗು ಕೂರಿಸಿಕೊಟ್ಟಳು. ಇಬ್ಬರೂ ಒಂದೊಂದು ಲೋಟ ಚಹಾ ಕುಡಿದರು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಮಗ ಗೋದಾಮಿಗೆ ಹೊರಡಲು ಅಂಗಿ ತೊಡುತ್ತಿದ್ದಾಗ ತಾಯಿ ಬಾಲ್ಕನಿಯಿಂದ ಕರೆದಳು.

"ಬಾ ಇಲ್ಲಿ. ನನ್ನ ಮಣಿಕಟ್ಟಲ್ಲಿ ಶಕ್ತಿ ಇಲ್ಲ. ಇದನ್ನ ಎತ್ತಿ ಹಿಡ್ಕೊ, ಬೋಲ್ಟು ಹಾಕ್ತೀನಿ."

"ಅಮ್ಮ, ನನಗೆ ಹೊತ್ತಾಯ್ತು."

"ಹಿಡ್ಕೊ."

ಅವನು ಪೆಟ್ಟಿಗೆಯೊಳಗೆ ಎರಡೂ ಕೈ ಚಾಚಿ ಮೋಟಾರನ್ನು ಅದು ಕೂರುವ ಕಬ್ಬಿಣದ ಪಟ್ಟಿಗೆ ಒತ್ತಿ ಹಿಡಿದ. ಕೈ ಬಿಟ್ಟರೆ ಬೀಳುತ್ತದೆ; ಬಿಟ್ಟು ಹೋಗುವಂತಿರಲಿಲ್ಲ. ವೈಂಡಿಂಗಮ್ಮ ಮೊದಲ ಬೋಲ್ಟು ಹಾಕಿದಳು. ಅವಸರ ಮಾಡಲಿಲ್ಲ.

"ನೀನು ಏಳು ತಿಂಗಳ ಕೂಸಾಗಿದ್ದಾಗ ನನಗೂ ರಾತ್ರಿ ಪಾಳಿ ಇತ್ತು."

"ಗೊತ್ತು."

"ಅದು ಗೊತ್ತು. ಇದು ಗೊತ್ತಿಲ್ಲ. ಬೆಳಿಗ್ಗೆ ಬಂದು ಮಲಗಿದ್ರೆ ನಿನ್ನಜ್ಜಿ ನನ್ನ ತಲೆ ಹತ್ರ ಪಾತ್ರೆ ತಂದಿಟ್ಟು ಉಜ್ಜೋರು. ಹಿತ್ತಿಲು ಇತ್ತು, ಕಲ್ಲಿತ್ತು, ಆದ್ರೂ ನನ್ನ ತಲೆ ಹತ್ರವೇ. ಸೊಸೆ ಹಗಲು ಮಲಗೋದು ಅವರಿಗೆ ಆಗ್ತಿರ್ಲಿಲ್ಲ. ನಿಮ್ಮಪ್ಪ ನೋಡ್ಕೊಂಡು ಸುಮ್ನಿರೋರು. ಒಂದಿನ ನಾನು ಮೆಷಿನ್ ಮುಂದೆ ಕೂತಲ್ಲೇ ತೂಕಡಿಸಿದೆ. ಒಂದಿಡೀ ಪಾಳಿಯ ಮೋಟಾರು ಕಸಕ್ಕೆ ಹೋಯ್ತು. ವೈಂಡಿಂಗಿಂದ ತೆಗೆದು ಎರಡು ವರ್ಷ ರಟ್ಟಿನ ಪೆಟ್ಟಿಗೆ ಅಂಟಿಸೋಕೆ ಹಾಕಿದ್ರು."

ಮಗ ಮೋಟಾರಿನ ಕೆಳಗೆ ಹಿಡಿತ ಬದಲಿಸಿದ. "ಅಮ್ಮ, ಬೇಗ ಹಾಕು."

"ಇನ್ನೂ ಎರಡಿದೆ. ನಿಮ್ಮಪ್ಪ ಸುಮ್ನಿದ್ರು, ಅಷ್ಟೇ. ನೀನು ಸುಮ್ನಿರ್ಲಿಲ್ಲ. ಬರೋ ಮೆಕ್ಯಾನಿಕ್ಕನ್ನ ಬೇಡ ಅಂದೆ."

"ನಾನೇನು ಅವಳಿಗೆ ಕೆಟ್ಟದ್ದು ಬಯಸಿದ್ನಾ? ಸಂಜೆ ಮನೆಗೆ ಬಂದ್ರೆ ನನಗೂ ಒಂದು ಮಾತಾಡೋಕೆ ಜನ ಬೇಕು ಅನ್ಸಲ್ವಾ? ನಾಲ್ಕು ವರ್ಷದಿಂದ ನಾನು ಒಬ್ನೇ ಟಿವಿ ನೋಡ್ತಿದೀನಿ."

ವೈಂಡಿಂಗಮ್ಮ ಮೂರನೆಯ ಬೋಲ್ಟು ಹಾಕಿದಳು. ಮಾತಿನಲ್ಲಿ ಸುಳ್ಳಿರಲಿಲ್ಲ. ಅವನು ಒಬ್ಬನೇ ಕೂತಿರುವುದನ್ನು ಅವಳೂ ಕಂಡಿದ್ದಳು.

"ಅದನ್ನ ಅವಳಿಗೆ ಹೇಳು. ಬೇಜಾರು ಅಂತ ಹೇಳು, ಒಂಟಿ ಅನ್ಸುತ್ತೆ ಅಂತ ಹೇಳು, ಜಗಳ ಬೇಕಾದ್ರೆ ಆಡು. ಅವಳ ನಿದ್ದೆ ಕದ್ದು ನಿನ್ನ ಸಂಜೆ ಮಾಡ್ಕೋಬೇಡ." ಕೊನೆಯ ಬೋಲ್ಟನ್ನು ಬಿಗಿದಳು. "ಈಗ ಕೈ ಬಿಡು. ಇವತ್ತು ಊಟಕ್ಕೆ ಕೂತಾಗ ಹೇಳ್ತೀಯ. ಇಲ್ಲದಿದ್ರೆ ನಾನು ಬಾಯಿ ಬಿಡ್ತೀನಿ, ಆಗ ಒಂದೂ ಚುಕ್ಕಿ ಬಿಡಲ್ಲ."

ಅಂದು ಫ್ಯಾನು ಸುಡುಬಿಸಿಲಲ್ಲಿ ಏಳು ಗಂಟೆ ತಿರುಗಿತು. ವೈಂಡಿಂಗಮ್ಮ ಗಂಟೆಗೊಮ್ಮೆ ಬಾಲ್ಕನಿಗೆ ಹೋಗಿ ಸದ್ದು ಕೇಳಿ ಬಂದಳು.

ಸಂಜೆ ಆರಕ್ಕೆ ನಾಲ್ವರೂ ಊಟಕ್ಕೆ ಕೂತರು. ಮಗ ಅನ್ನವನ್ನು ಕಲಸಿದ, ಬಿಟ್ಟ, ಮತ್ತೆ ಕಲಸಿದ. ಕೊನೆಗೆ ತಟ್ಟೆಗೆ ಹೇಳುವವನಂತೆ ಹೇಳಿದ: "ಮೆಕ್ಯಾನಿಕ್ಕು ಬರ್ತೀನಿ ಅಂದಿದ್ದ. ನಾನೇ ಬೇಡ ಅಂದಿದ್ದೆ. ಎರಡು ಸಲ. ನೀನು ಬೇಸತ್ತು ರಾತ್ರಿ ಪಾಳಿ ಬಿಡ್ಲಿ ಅಂತ."

ಮೊಮ್ಮಗಳು ಬಾಯಿಗೆ ಒಯ್ದ ತುತ್ತು ಕೆಳಗಿಟ್ಟಳು. ಸೊಸೆ ಅಳುತ್ತಾಳೆ, ಕೂಗುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಎರಡೂ ಮಾಡಲಿಲ್ಲ. ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡಳು. ಕೈ ತೊಳೆದು, ಸಮವಸ್ತ್ರ ತೊಟ್ಟು, ಕೂದಲು ಕಟ್ಟಿ ಬಂದು ಗಂಡನ ಎದುರು ನಿಂತಳು.

"ಆ ಮಗುಗೆ ಹತ್ತು ಪಾಲು ಔಷಧಿ ಹೋಗ್ತಿತ್ತು. ಐದು ದಿನದಿಂದ ನಾನು ಅದನ್ನ ಎದೆ ಮೇಲೆ ಹೊತ್ಕೊಂಡು ತಿರುಗ್ತಿದೀನಿ, ನಾನೇ ಕೆಟ್ಟ ನರ್ಸು ಅಂತ. ಇನ್ಮೇಲೆ ಅದರಲ್ಲಿ ಅರ್ಧ ನಿಮ್ಮದು. ಹೊರಿ."

"ತಪ್ಪಾಯ್ತು."

"ನನಗೆ ಹೇಳಿದ್ರೆ ಆಗ್ಲಿಲ್ಲ. ಎಸಿ ರಿಪೇರಿ ಆಗ್ತಿಲ್ಲ ಅಂತ ನಾನು ಕಾಗದದಲ್ಲಿ ಬರೆದಿದೀನಿ. ನಾಳೆ ಅದನ್ನ ವಾಪಸ್ ಕೇಳ್ಬೇಕು. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಬನ್ನಿ. ಯಾಕೆ ರಿಪೇರಿ ಆಗ್ಲಿಲ್ಲ ಅಂತ ಮೇಟ್ರನ್‌ಗೆ ನೀವೇ ಹೇಳಿ."

"ಹೊರಗಿನವರ ಮುಂದೆ ಹೇಗೆ..."

"ಮೆಕ್ಯಾನಿಕ್ಕು ಒಳಗಿನವನಾ?" ಎಂದಳು ಸೊಸೆ. "ಬರದಿದ್ರೆ ಬೇಡ. ನಾನು ರಾತ್ರಿ ಪಾಳಿ ಮಾತ್ರ ಬಿಡಲ್ಲ. ಆಸ್ಪತ್ರೆಯ ಹಾಸ್ಟೆಲಲ್ಲಿ ಹಗಲು ಮಲಗೋರಿಗೆ ಕೋಣೆ ಇದೆ, ಅಲ್ಲಿಗೆ ಹೋಗ್ತೀನಿ. ಅತ್ತೆ, ಬರ್ತೀನಿ."

ಅವಳು ಹೋದ ಮೇಲೆ ಮಗ ತಾಯಿಯ ಮುಖ ನೋಡಿದ. "ನೀನಾದ್ರೂ ಒಂದು ಮಾತು ಹೇಳ್ಬಾರದಿತ್ತಾ?"

"ಏನಂತ? ಅವಳು ಹೇಳಿದ್ರಲ್ಲಿ ನನಗೊಂದೂ ತಪ್ಪು ಕಾಣ್ಲಿಲ್ಲ. ತಟ್ಟೆ ತೊಳೆದಿಡು, ಇವತ್ತು ನನ್ನ ಕೈ ನೋಯ್ತಿದೆ."

ಬುಧವಾರ ಬೆಳಿಗ್ಗೆ ಅವನು ಏಳೂವರೆಗೆ ಮನೆ ಬಿಟ್ಟ. ಗೋದಾಮಿಗೋ ಆಸ್ಪತ್ರೆಗೋ ಹೇಳಲಿಲ್ಲ. ವೈಂಡಿಂಗಮ್ಮ ಬ್ರೆಡ್ಡು ಮೊಟ್ಟೆ ಸಿದ್ಧ ಮಾಡಿ ಕಿಟಕಿಯಲ್ಲಿ ನಿಂತಳು. ಎಂಟೂವರೆಯಾಯಿತು, ಒಂಬತ್ತಾಯಿತು. ಒಂಬತ್ತೂಕಾಲಿಗೆ ಬೀದಿಯ ತಿರುವಿನಲ್ಲಿ ಸೊಸೆ ಕಂಡಳು. ಅವಳ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಅವಳ ಚೀಲ ಹಿಡಿದುಕೊಂಡು ಮಗ ಬರುತ್ತಿದ್ದ.

ಸೊಸೆ ಒಳಗೆ ಬಂದವಳು ವಾಪಸ್ ಪಡೆದ ತನ್ನ ಕಾಗದವನ್ನು ಮಡಿಸಿದಂತೆಯೇ ಅತ್ತೆಯ ಕೈಗೆ ಕೊಟ್ಟಳು. ಮೊಟ್ಟೆ ತಿಂದು, ಸ್ನಾನ ಮಾಡಿ, ಗಂಡನ ಕಡೆ ಒಮ್ಮೆಯೂ ನೋಡದೆ ಹಿಂದಿನ ಕೋಣೆಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡಳು.

ವೈಂಡಿಂಗಮ್ಮ ಮಗನಿಗೆ ಚಹಾ ಕೊಟ್ಟು, ದನಿ ತಗ್ಗಿಸಿ ಕೇಳಿದಳು: "ಹೇಳಿದ್ಯಾ?"

"ಹೇಳ್ದೆ."

"ಪೂರ್ತಿನಾ?"

"ಪೂರ್ತಿ. ಎರಡು ಸಲ ಬೇಡ ಅಂದೆ ಅನ್ನೋದನ್ನೂ."

"ಮೇಟ್ರನ್ ಏನಂದ್ರು?"

ಅವನು ಚಹಾದ ಲೋಟವನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟ. "ಏನೂ ಅನ್ನಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಇಬ್ಬರು ನರ್ಸಮ್ಮಂದಿರನ್ನ ಕರೆದ್ರು. ಇವರಿಗೂ ಒಂದ್ಸಲ ಹೇಳಿ ಅಂದ್ರು."

"ಹೇಳಿದ್ಯಾ?"

"ಇನ್ನೇನು ಮಾಡ್ಲಿ? ಹೇಳ್ದೆ."

ವೈಂಡಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಸೊಸೆಗೆ ಎಚ್ಚರವಾಗಬಾರದೆಂದು ಸಿಂಕಿನ ಮೇಲೆ ಬಾಗಿ ಸದ್ದಿಲ್ಲದೆ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ.